ಇಬ್ಬರು ತಾತಂದಿರು, ಒಬ್ಬ ಮೊಮ್ಮಗ

ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮಲ್ಲಿಯೂ ಉಂಟು. ನಿಮ್ಮ ಮನೆಯಲ್ಲಿಯೇ ಅಂಥ ಮೊಮ್ಮಗನೊಬ್ಬನಿದ್ದಾನು. ಯೆಹೂದಿಗಳಲ್ಲಿ ಇದಕ್ಕೊಂದು ಕಟ್ಟುಪಾಡಿದೆ. ಮಧ್ಯ ಮತ್ತು ಪೂರ್ವ ಯೂರೋಪು ಮೂಲದ ಅಷ್ಕೆನಾಜಿಗಳು ಗತಿಸಿದವರ ಹೆಸರನ್ನೇ ಕೂಸಿಗೆ ಇಡುತ್ತಾರೆ. ಬದುಕಿರುವವರ ಹೆಸರಿಟ್ಟರೆ ಅವರ ಆಯುಸ್ಸಿಗೆ ಕುಂದೆಂಬ ಅಂಜಿಕೆ. ಸ್ಪೇನ್ ಮೂಲದ ಸೆಫಾರ್ಡಿಗಳಲ್ಲಿ ಇದಕ್ಕೆ ವಿರುದ್ಧ: ತಾತ ಕಣ್ಣೆದುರಿಗಿರುವಾಗಲೇ ಅವನ ಹೆಸರಿಡುವುದು ಅವನಿಗೆ ಗೌರವ.

ಗಂಡುಮಗುವಿಗೆ ಎಂಟನೆಯ ದಿನ, ಸುನ್ನತಿಯ ಸಂಸ್ಕಾರದಲ್ಲಿ, ಹೀಬ್ರೂ ಹೆಸರಿಡುತ್ತಾರೆ. ತಂದೆಯ ತಂದೆ, ತಾಯಿಯ ತಂದೆ ಇಬ್ಬರೂ ತೀರಿಕೊಂಡಿದ್ದರೆ ಏನು ಮಾಡಬೇಕು? ಒಂದು ಹೆಸರನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಒಬ್ಬ ಅಜ್ಜಿಯ ಮನಸ್ಸಿಗೆ ನೋವು.

ಇದಕ್ಕೆ ದಾರಿಗಳುಂಟು. ಮೊದಲನೆಯದು, ಎರಡನ್ನೂ ಕೂಡಿಸುವುದು: ತಾತಂದಿರು ಅಬ್ರಹಾಂ ಮತ್ತು ಯಾಕೋಬ್ ಆಗಿದ್ದರೆ ಕೂಸು ಅಬ್ರಹಾಂ ಯಾಕೋಬ್. ಎರಡನೆಯದು, ಅರ್ಥವನ್ನು ಉಳಿಸುವುದು: ಯಿಡ್ಡಿಷ್ ಭಾಷೆಯ ಹಿರ್ಷ್, ಹೀಬ್ರೂವಿನ ತ್ಸ್ವಿ ಎರಡಕ್ಕೂ ಜಿಂಕೆಯೆಂದೇ ಅರ್ಥ, ಆದ್ದರಿಂದ ಹಿರ್ಷ್ ತಾತನ ಮೊಮ್ಮಗ ತ್ಸ್ವಿ ಆಗಬಹುದು. ಮೂರನೆಯದು ಅಮೆರಿಕದಲ್ಲಿ ಬಹಳ ಬಳಕೆಯಾದದ್ದು: ಹೀಬ್ರೂ ಹೆಸರು ತಾತನದೇ, ನಿತ್ಯದ ಇಂಗ್ಲಿಷ್ ಹೆಸರಿಗೆ ಅವನ ಹೆಸರಿನ ಮೊದಲಕ್ಷರ ಮಾತ್ರ. ಮೋಷೆಯ ಮೊಮ್ಮಗ ಶಾಲೆಯಲ್ಲಿ ಮೈಕೇಲ್ ಆಗುವುದು ಹೀಗೆ.

ಹೀಬ್ರೂ ಹೆಸರಿನ ಮುಂದೆ 'ಬೆನ್', ಎಂದರೆ ಮಗ, ಎಂದು ಸೇರಿಸಿ ತಂದೆಯ ಹೆಸರನ್ನೂ ಹೇಳುತ್ತಾರೆ. ಪ್ರಾರ್ಥನಾಮಂದಿರದಲ್ಲಿ ಧರ್ಮಗ್ರಂಥದ ಪಠನಕ್ಕೆ ಕರೆಯುವುದು ಆ ಹೆಸರಿನಿಂದಲೇ. ಮದುವೆಯ ಕರಾರುಪತ್ರದಲ್ಲಿ ಬರೆಯುವುದೂ ಅದನ್ನೇ. ಹದಿಮೂರು ವರ್ಷ ತುಂಬಿದ ಹುಡುಗನನ್ನು ಮೊದಲ ಸಲ ಹಾಗೆ ಕೂಗಿ ಕರೆದಾಗ, ಸಭೆಯಲ್ಲಿ ಕುಳಿತ ಇಬ್ಬರು ಅಜ್ಜಿಯರೂ ತಲೆಯೆತ್ತಿ ನೋಡುವಂತಾದರೆ, ಹೆಸರನ್ನು ಸರಿಯಾಗಿ ಆರಿಸಿದರೆಂದೇ ತಿಳಿಯಿರಿ.