ಬಿಸಿಲಿನ ದಾಹವಲ್ಲ, ಗರ್ಭಕೋಶದ ಕೀವು

ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟಿದಾಗ ನಾಯಿ ಬೋಗುಣಿಗಟ್ಟಲೆ ನೀರು ಕುಡಿದರೆ ಯಾರೂ ಬೆರಗಾಗುವುದಿಲ್ಲ. ಸಿರುಗುಪ್ಪ, ಕುರುಗೋಡಿನಲ್ಲೂ ಅದೇ ಮಾತು: ‘ಬಿಸಿಲು ರೀ, ಏನ್ ಮಾಡ್ತದ ಪಾಪ.’ ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿ, ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನೀರಿಗೆ ಹಪಹಪಿಸಿ, ಅನ್ನ ಬಿಟ್ಟು, ಮೂಲೆ ಹಿಡಿದರೆ ಬಿಸಿಲನ್ನು ದೂರಬೇಡಿ. ಗರ್ಭಕೋಶದಲ್ಲಿ ಕೀವು ತುಂಬುತ್ತಿರಬಹುದು. ವೈದ್ಯರ ಬಾಯಲ್ಲಿ ಇದು ಪಯೋಮೆಟ್ರಾ. ಸ್ವೀಡನ್ನಿನ ವಿಮಾ ದಾಖಲೆಗಳ ಪ್ರಕಾರ, ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದಕ್ಕೆ ಹತ್ತು ವರ್ಷದೊಳಗೆ ಈ ರೋಗ ಬರುತ್ತದೆ.

ಬಸುರಾಗಲಿ ಬಿಡಲಿ, ಬೆದೆಯ ನಂತರ ಸುಮಾರು ಎರಡು ತಿಂಗಳು ನಾಯಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಏರಿಯೇ ಇರುತ್ತದೆ. ಮರಿಗಾಗಿ ಅದು ಗರ್ಭಕೋಶದ ಒಳಪದರ ದಪ್ಪಗೊಳಿಸುತ್ತದೆ, ಬಾಯಿ ಮುಚ್ಚಿಸುತ್ತದೆ, ಹಿಂಡಿಕೆಯನ್ನೂ ಸ್ಥಳೀಯ ರೋಗನಿರೋಧಕತೆಯನ್ನೂ ತಗ್ಗಿಸುತ್ತದೆ. ಬೆದೆಯಲ್ಲಿ ಬಾಯಿ ತೆರೆದಿದ್ದಾಗ ಒಳಸೇರಿದ ಬ್ಯಾಕ್ಟೀರಿಯಕ್ಕೆ, ಹೆಚ್ಚಾಗಿ ನಾಯಿಯ ಕರುಳಿನದೇ ಇ. ಕೊಲೈಗೆ, ಇದಕ್ಕಿಂತ ಹದವಾದ ನೆಲ ಬೇಕೆ? ಅದರ ವಿಷ ಮೂತ್ರಪಿಂಡಕ್ಕೆ ತಾಗಿದಾಗ ನೀರು ಉಳಿಸಿಕೊಳ್ಳುವ ಶಕ್ತಿ ಕುಂದುತ್ತದೆ. ಉಚ್ಚೆ ಹೆಚ್ಚುತ್ತದೆ, ದಾಹ ಅದರ ಬೆನ್ನಿಗೇ ಬರುತ್ತದೆ.

ಬರೀ ಆ್ಯಂಟಿಬಯಾಟಿಕ್ ಕೊಟ್ಟರೆ ಸಾಲದು. ಹಾರ್ಮೋನಿನ ಹಿಡಿತ ಸಡಿಲಾಗದೆ ಕೀವು ಹೊರಬೀಳದು. ಅಗ್ಲೆಪ್ರಿಸ್ಟೋನ್ ಎಂಬ ಚುಚ್ಚುಮದ್ದು ಮಾಡುವುದು ಆ ಕೆಲಸವನ್ನೇ. ಸಿರುಗುಪ್ಪ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಗರ್ಭಕೋಶದಲ್ಲಿ ಪ್ರೊಜೆಸ್ಟರಾನ್ ಕೂರುವ ಜಾಗವನ್ನು ಇದು ಮೊದಲೇ ಹಿಡಿಯುತ್ತದೆ. ನಾಯಿಯಲ್ಲಿ ಇದರ ಪಟ್ಟು ಪ್ರೊಜೆಸ್ಟರಾನಿಗಿಂತ ಸುಮಾರು ಮೂರು ಪಟ್ಟು ಬಿಗಿ. ಹಾರ್ಮೋನು ರಕ್ತದಲ್ಲಿ ಇದ್ದೂ ಅದರ ಮಾತು ನಡೆಯುವುದಿಲ್ಲ. ಒಂದೆರಡು ದಿನದಲ್ಲಿ ಗರ್ಭಕೋಶದ ಬಾಯಿ ಸಡಿಲಾಗಿ ಕೀವು ಇಳಿಯತೊಡಗುತ್ತದೆ. ಮೊದಲ ಎರಡು ದಿನ ಒಂದೊಂದು, ವಾರದ ನಂತರ ಮತ್ತೊಂದು ಡೋಸು ಕೊಡುವುದು ರೂಢಿ. ಗರ್ಭಕೋಶ ಹಿಂಡಲು ಪ್ರೊಸ್ಟಗ್ಲಾಂಡಿನ್ ಸೇರಿಸುವುದುಂಟು. ಅದರಿಂದ ವಾಂತಿ, ಏದುಸಿರು ಬರಬಹುದು. ಬಾಯಿ ಮುಚ್ಚಿರುವಾಗ ಹಿಂಡಿದರೆ ಗರ್ಭಕೋಶವೇ ಒಡೆಯುವ ಭಯವಿದೆ. ಬಸುರಿ ಹೆಂಗಸರು ಈ ಎರಡೂ ಮದ್ದುಗಳನ್ನು ಮುಟ್ಟಬಾರದು.

ಮದ್ದಿನ ದಾರಿ ಎಲ್ಲ ನಾಯಿಗೂ ಅಲ್ಲ. ವಯಸ್ಸು ಚಿಕ್ಕದಿದ್ದು, ಕೀವು ಹೊರಗೆ ಸುರಿಯುತ್ತಿದ್ದು, ಮೂತ್ರಪಿಂಡ ಗಟ್ಟಿಯಿದ್ದು, ಮುಂದೆ ಮರಿ ಬೇಕೇ ಬೇಕು ಎಂದಾಗ ಮಾತ್ರ. ಗುಣವಾದರೂ ಮುಂದಿನ ಬೆದೆಯ ನಂತರ ಮರುಕಳಿಸಬಹುದು. ಹೊರಗೆ ಒಂದು ಹನಿ ಕಾಣದೆ ಹೊಟ್ಟೆ ಉಬ್ಬಿದ ನಾಯಿಗೆ ಅಂಡಾಶಯ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯೇ ಜೀವ ಉಳಿಸುವ ದಾರಿ. ಅಲ್ಲಿ ದಿನ ಕಳೆಯುವುದು ತಪ್ಪು. ಬೆದೆ ತಡೆಯಲೆಂದು ಹಾರ್ಮೋನ್ ಚುಚ್ಚುಮದ್ದು ಕೊಡಿಸುವುದು ಅದಕ್ಕಿಂತ ದೊಡ್ಡ ತಪ್ಪು, ಈ ರೋಗವನ್ನು ಕೈಯಾರೆ ಕರೆದಂತೆ.

ಪಶುವೈದ್ಯರು ಮೊದಲು ಕೇಳುವುದು ‘ಬೆದೆಗೆ ಬಂದದ್ದು ಯಾವಾಗ?’ ಎಂದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕಿಡಿ.