ನಿಮಗಿದು ಗೊತ್ತೆ? ಫ್ರಾಕಿಗೆ ಕಾಗದ, ಲಂಗಕ್ಕೆ ಮಡಿಕೆ

ಮನೆಯಲ್ಲೇ ಬಟ್ಟೆ ಹೊಲಿಯುವವರಿಗಾಗಿ ಬೇರೆ ಬೇರೆ ಅಳತೆಯ ಕಾಗದದ ಪ್ಯಾಟರ್ನ್‌ಗಳನ್ನು 1863ರಲ್ಲಿ ಮಾರಾಟಕ್ಕೆ ತಂದವನು ಅಮೆರಿಕದ ದರ್ಜಿ ಎಬೆನೆಜರ್ ಬಟರಿಕ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪುಟ್ಟ ಹುಡುಗಿಯರ ಫ್ರಾಕಿಗೂ ಇಂಥವು ಧಾರಾಳವಾಗಿ ಸಿಗುತ್ತಿದ್ದವು. ಆಗಿನ ಹೆಚ್ಚಿನ ಪ್ಯಾಟರ್ನ್‌ಗಳ ತೆಳು ಹಾಳೆಯ ಮೇಲೆ ಗೆರೆಗಳೇ ಅಚ್ಚಾಗಿರುತ್ತಿರಲಿಲ್ಲ. ಎಲ್ಲಿ ಮಡಿಸಬೇಕು, ಎಲ್ಲಿ ಹೊಲಿಯಬೇಕು ಎಂಬುದಕ್ಕೆ ಸಣ್ಣ ತೂತು, ಕಚ್ಚುಗಳೇ ಗುರುತು. ಅವನ್ನು ನೋಡಿಯೇ ಫ್ರಾಕು ಹೊಲಿದ ಹೆಂಗಸರ ಕೌಶಲ ದೊಡ್ಡದು.

ನಮ್ಮ ದೇವನೂರು, ನಂಜನಗೂಡು ಕಡೆಯ ಲಂಗಕ್ಕೆ ಕಾಗದವೇ ಬೇಡ. ಉದ್ದನೆಯ ಬಟ್ಟೆ, ಸೊಂಟಕ್ಕೆ ನೆರಿಗೆ, ಮೇಲೊಂದು ಪಟ್ಟಿ, ಲಾಡಿ. ಜಾಣತನವೆಲ್ಲ ಕೆಳಗಿನ ಮಡಿಕೆಯಲ್ಲಿದೆ. ಮಗು ಬೆಳೆದಂತೆ ಒಂದೊಂದೇ ಮಡಿಕೆ (ಟಕ್ಸ್) ಬಿಚ್ಚಿದರೆ ಲಂಗವೂ ಉದ್ದವಾಗುತ್ತದೆ! ಬಿಚ್ಚಿದಲ್ಲಿ ಬಣ್ಣ ಮಾಸದ ಪಟ್ಟೆ, ಅದರ ಅಂಚಿನಲ್ಲಿ ಸೂಜಿ ತೂತಿನ ಸಾಲು ಹಾಗೇ ಉಳಿದಿರುತ್ತದೆ.

ರವಿಕೆಗೆ ಮಾತ್ರ ಅಳತೆ ತಪ್ಪುವಂತಿಲ್ಲ. ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ‘ಅಳತೆ ರವಿಕೆ’ ಎಂದು ದರ್ಜಿಗೆ ಕೊಟ್ಟುಬರುವ ರೂಢಿ ಇಂದಿಗೂ ಇದೆ. ಹೊಲಿಗೆ ಕಲಿಯಲು ಹೋದವರು ಬಟ್ಟೆಗಿಂತ ಮೊದಲು ಕತ್ತರಿ ಹಾಕುವುದು ಹಳೇ ಪೇಪರಿಗೆ, ಇಲ್ಲವೇ ಖಾಕಿ ಹಾಳೆಗೆ.