ವೇದಾ ಕೃಷ್ಣಮೂರ್ತಿ: ಗುತ್ತಿಗೆ ಇಲ್ಲದ ಕಾಲದ ಮೊದಲ ಇನಿಂಗ್ಸ್

ಕೊಪ್ಪ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಬ್ಯಾಟ್ ಹಿಡಿಯುವ ಹುಡುಗಿಗೆ ಜಿಲ್ಲೆಯೊಳಗೇ ದೊರೆಯುವ ಹೆಸರು ವೇದಾ ಕೃಷ್ಣಮೂರ್ತಿ. ಆದರೆ ಅವರ ಊರು ಮಲೆನಾಡಿನದ್ದಲ್ಲ. ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಕಡೂರು. 1992ರಲ್ಲಿ ಜನಿಸಿದ ವೇದಾ, ಹದಿಹರೆಯದ ಹೊಸ್ತಿಲಲ್ಲೇ ಊರು ಬಿಟ್ಟು ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಸೇರಬೇಕಾಯಿತು.

2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಆತಿಥೇಯರ ವಿರುದ್ಧ ಮೊದಲ ಏಕದಿನ ಪಂದ್ಯ. ವಯಸ್ಸು 18, ಗಳಿಸಿದ್ದು 51 ರನ್. ಆದರೆ ಅರ್ಧಶತಕವೊಂದು ಜೀವನೋಪಾಯವಾಗದು. ಮಹಿಳಾ ಕ್ರಿಕೆಟ್ 2006ರಲ್ಲಿಯೇ ಬಿಸಿಸಿಐ ಆಡಳಿತಕ್ಕೆ ಬಂದಿತ್ತಾದರೂ, ಆಟಗಾರ್ತಿಯರಿಗೆ ವಾರ್ಷಿಕ ಗುತ್ತಿಗೆ ದೊರೆತದ್ದು 2015ರಲ್ಲಿ. ಪಂದ್ಯವಿಲ್ಲದ ತಿಂಗಳಲ್ಲಿಯೂ ಸಂಬಳ ತರುವ ಆಸರೆಯೆಂದರೆ ಹೆಚ್ಚಿನವರಿಗೆ ರೈಲ್ವೆ ನೌಕರಿಯೇ ಆಗಿತ್ತು. ಕರ್ನಾಟಕದ ಪರ ಆಡಿ ಬೆಳೆದ ವೇದಾ ಕೂಡ ಕೆಲಕಾಲ ರೈಲ್ವೆ ತಂಡಕ್ಕೆ ಆಡಿದರು. ರಾಜ್ಯಕ್ಕೆ ಇದು ನಷ್ಟವೇ ಸರಿ, ಆದರೆ ಆಟಗಾರ್ತಿಯನ್ನು ದೂರುವಂತಿಲ್ಲ.

2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆಲ್ಲಲೇಬೇಕಿದ್ದ ಪಂದ್ಯ ನಡೆದದ್ದೂ ಅದೇ ಡರ್ಬಿಯಲ್ಲಿ. ವೇದಾ 45 ಎಸೆತಗಳಲ್ಲಿ 70 ರನ್ ಬಾರಿಸಿದರು; ಭಾರತ ಸೆಮಿಫೈನಲ್ ತಲುಪಿತು. ಆ ಬಳಿಕವೇ ಆಸ್ಟ್ರೇಲಿಯಾದ ಮಹಿಳಾ ಬಿಗ್ ಬ್ಯಾಷ್ ಲೀಗ್‌ನ ಹೋಬಾರ್ಟ್ ಹರಿಕೇನ್ಸ್ ತಂಡದಿಂದ ಕರೆ ಬಂದದ್ದು.

ತವರಿನಲ್ಲಿ ಅಂಥದ್ದೇ ವೇದಿಕೆಯಾದ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾದದ್ದು 2023ರಲ್ಲಿ. ಆಗ ವೇದಾಗೆ 30 ವರ್ಷ. 2024ರಲ್ಲಿ ಗುಜರಾತ್ ಜೈಂಟ್ಸ್ ಪರ ಆಡಿದ ಅವರು, 2025ರ ಜುಲೈನಲ್ಲಿ ನಿವೃತ್ತಿ ಘೋಷಿಸಿದರು.